ಹೊಳೆಬೀಡು: ಹೊಳೆದಂಡೆಯ ಕಾಲ್ಪನಿಕ ರಾಜಧಾನಿಗೆ ಪರಿಚಯ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ

ಹೊಳೆಸಾಲು:
ನಮ್ಮ ಕಾಲ್ಪನಿಕ ರಾಜ್ಯ ಮಲೆಸೀಮೆಯ ರಾಜಧಾನಿ ಹೊಳೆಬೀಡಿನ ಪರಿಚಯದ ಮೊದಲ ಕರಡು ಇದು. ಮುಂದೆ ಕತೆ ಬರೆಯುವವರೂ ನಕ್ಷೆ ಬಿಡಿಸುವವರೂ ಇದನ್ನೇ ಹಿಡಿದು ಹೋಗುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯ ನೆಲ, ಮಳೆ, ಹೊಳೆ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ, ಬಿಡದೆ ತಿದ್ದಿ.

ಊರು ಇರುವುದು ಮಲೆನಾಡು ಮುಗಿದು ಬಯಲು ಶುರುವಾಗುವ ಅರೆಮಲೆನಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 930 ಮೀ. ಎತ್ತರದಲ್ಲಿ. ಪಶ್ಚಿಮದ ಘಟ್ಟದಲ್ಲಿ ಹುಟ್ಟುವ ಕೆಂಚಿ ನದಿ ಪೂರ್ವಕ್ಕೆ ಹರಿಯುತ್ತದೆ. ಉತ್ತರದಿಂದ ಬರುವ ದೊಡ್ಡಹಳ್ಳ ಇಲ್ಲಿ ಎಡದಂಡೆಗೆ ಸೇರುತ್ತದೆ. ಜನಸಂಖ್ಯೆ 6 ಲಕ್ಷ, ವಾರ್ಷಿಕ ಮಳೆ 1,300 ಮಿ.ಮೀ., ವಿಧಾನಸಭೆಗೆ 120 ಸ್ಥಾನ. ವಿಧಾನಸೌಧ, ಸಚಿವಾಲಯ, ಹೈಕೋರ್ಟ್ ಮೂರೂ ಸಂಗಮದ ಮೂಲೆಯಲ್ಲಿ, ನೀರಿಗೆ ಮುಖ ಮಾಡಿ ನಿಂತಿವೆ. ಅಲ್ಲಿಂದ ನದಿಗುಂಟ ನಾಲ್ಕು ಪಥದ ರಸ್ತೆ. 150 ಮೀ. ಉದ್ದದ ಒಂದು ಸೇತುವೆ. ಕುಡಿಯುವ ನೀರಿಗೆ ಸಂಗಮದ ಕೆಳಗೆ ಒಡ್ಡು. ಊರೊಳಗಿನ 11 ಹಳೆಯ ಕೆರೆಗಳನ್ನು ಮುಚ್ಚಿ ಉದ್ಯಾನ ಮಾಡಲಾಗಿದೆ. ನದಿ ವರ್ಷವಿಡೀ ತುಂಬಿ ಹರಿಯುತ್ತದೆ.

ತೂಬು_ಏರಿ:
ಹೆಸರು ಬಹಳ ಚೆನ್ನಾಗಿದೆ. ಆದರೆ ಕೊನೆಯ ಸಾಲಿನಿಂದಲೇ ತಿದ್ದಬೇಕು. ನಮ್ಮ ಕಡೆಯ ಯಾವ ಹೊಳೆಯೂ ವರ್ಷವಿಡೀ ತುಂಬಿ ಹರಿಯುವುದಿಲ್ಲ. ಹೇಮಾವತಿಯನ್ನೇ ನೋಡಿ. ಆಶ್ಲೇಷ ಮಳೆ ಹಿಡಿದಾಗ ಸಕಲೇಶಪುರದಲ್ಲಿ ಹೊಳೆಮಲ್ಲೇಶ್ವರನ ಮೆಟ್ಟಿಲು ನೀರಿನೊಳಗಿರುತ್ತವೆ. ಅದೇ ಹೊಳೆಯಲ್ಲಿ ಏಪ್ರಿಲ್‌ನಲ್ಲಿ ಬಂಡೆ ಬಂಡೆ ಕಾಣುತ್ತದೆ. ಹೊಳೆದಂಡೆಯ ಊರಿಗೆ ಒಂದಲ್ಲ, ನಾಲ್ಕು ಮಟ್ಟ ಬೇಕು: ಹೊಳೆಯ ತಳ, ಬೇಸಿಗೆಯ ನೀರಿನ ಮಟ್ಟ, ಮಾಮೂಲಿ ಮಳೆಗಾಲದ ಮಟ್ಟ, ಅತಿ ದೊಡ್ಡ ನೆರೆಯ ಮಟ್ಟ. ಈ ನಾಲ್ಕು ಗೊತ್ತಾಗದೆ ಯಾವ ಕಟ್ಟಡವನ್ನೂ ನಕ್ಷೆಯ ಮೇಲೆ ಕೂರಿಸಬೇಡಿ. ಹಾಗೆಯೇ ವಿಧಾನಸೌಧ ನಿಂತ ನೆಲದ ಮಟ್ಟ ಎಷ್ಟು?

ಹೊಳೆಸಾಲು:
ಸರ್, ನಕ್ಷೆಯ ಸಮೋನ್ನತ ರೇಖೆ ಹಿಡಿದು ಹೀಗೆ ಇಟ್ಟುಕೊಂಡಿದ್ದೇನೆ. ತಳ 918 ಮೀ., ಬೇಸಿಗೆ 919, ಮಳೆಗಾಲ 923. ಅತಿ ದೊಡ್ಡ ನೆರೆ 927.4, ಆಗ ಹರಿಯುವ ನೀರು ಸೆಕೆಂಡಿಗೆ 2,500 ಘನಮೀಟರ್, ಅಂದರೆ ಸುಮಾರು 88,000 ಕ್ಯುಸೆಕ್. ಸಂಗಮದ ಮೂಲೆಯ ನೆಲ 925.

ತೂಬು_ಏರಿ:
ಹಾಗಾದರೆ ದೊಡ್ಡ ನೆರೆಯ ದಿನ ಸಭಾಂಗಣದ ಅಂಗಳದಲ್ಲಿ 2.4 ಮೀ. ನೀರು ನಿಂತಿರುತ್ತದೆ. ಆಳುದ್ದಕ್ಕಿಂತ ಹೆಚ್ಚು.

ನೆಲ ಎತ್ತರಿಸಿ ತಡೆಗೋಡೆ ಕಟ್ಟಿದರೂ ಸಂಗಮದಲ್ಲಿ ಬೇರೆಯೇ ತೊಂದರೆ ಇದೆ. ದೊಡ್ಡ ಹೊಳೆ ಏರಿದಾಗ ಸಣ್ಣ ಹಳ್ಳಕ್ಕೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಅದರ ನೀರು ಹಿಮ್ಮೆಟ್ಟಿ ಊರಿನ ಬೆನ್ನಿಗೆ ಬರುತ್ತದೆ. ಗೋಡೆ ಹೊಳೆಯ ಕಡೆಗೆ, ನೀರು ಹಿತ್ತಲ ಕಡೆಯಿಂದ. ಚರಂಡಿಗಳ ಬಾಯಿಗೆ ಒಂದೇ ಕಡೆಗೆ ತೆರೆಯುವ ಕಬ್ಬಿಣದ ಕದ ಇಟ್ಟರೆ ಹೊಳೆಯ ನೀರು ಒಳಗೆ ಬರುವುದಿಲ್ಲ, ನಿಜ. ಊರೊಳಗೆ ಸುರಿದ ಮಳೆಯೂ ಹೊರಗೆ ಹೋಗುವುದಿಲ್ಲ. ಆಮೇಲೆ ಪಂಪು ಹಚ್ಚಿ ಎತ್ತಿ ಹಾಕಬೇಕು. 2019ರ ಸೆಪ್ಟೆಂಬರ್ ಕೊನೆಯಲ್ಲಿ ಪಟ್ನಾದ ರಾಜೇಂದ್ರನಗರ, ಕಂಕರ್‌ಬಾಗ್ ಬಡಾವಣೆಗಳಲ್ಲಿ ದಿನಗಟ್ಟಲೆ ನಿಂತದ್ದು ಗಂಗೆ ದಂಡೆ ಒಡೆದು ಬಂದ ನೀರಲ್ಲ, ಹೊರಗೆ ಹೋಗಲಾರದ ಮಳೆನೀರು. ಆಂಧ್ರದ ಅಮರಾವತಿಯಲ್ಲೂ ಕೊಂಡವೀಟಿ ವಾಗು ಎಂಬ ಹಳ್ಳದ ನೀರನ್ನು ಕೃಷ್ಣೆಗೆ ಎತ್ತಿ ಹಾಕಲು ಪಂಪ್ ಕೇಂದ್ರವನ್ನೇ ಕಟ್ಟಬೇಕಾಯಿತು.

ಸಂಗಮದ ಮೂಲೆಯನ್ನು ಬಯಲಾಗಿಯೇ ಬಿಡಿ. ಸಂತೆ, ಜಾತ್ರೆ, ದನಗಳ ಪರಿಷೆ ನಡೆಯಲಿ. ಮಳೆಗಾಲದಲ್ಲಿ ಹೊಳೆ ಬಂದು ಕೂತರೂ ಯಾರಿಗೂ ನಷ್ಟವಿಲ್ಲ. ಶೃಂಗೇರಿಯ ಗಾಂಧಿ ಮೈದಾನಕ್ಕೆ ತುಂಗೆ ಬಂದು ಹೋಗುವ ಹಾಗೆ.

ನಕ್ಷೆಗಾರ:
ತೂಬಣ್ಣ ಹೇಳಿದ್ದು ಸರಿ. ಉತ್ತರಕ್ಕೆ ಹಳ್ಳಕ್ಕೂ ನದಿಗೂ ನಡುವೆ ಒಂದು ದಿಣ್ಣೆ ಎಳೆದಿದ್ದೀರಲ್ಲ, ಅದರ ನೆತ್ತಿ 948 ಇದೆ. ವಿಧಾನಸೌಧ, ಸಚಿವಾಲಯ ಅಲ್ಲಿಗೆ ಹೋಗಲಿ. ಎರಡೂ ಕಡೆಗೆ ನೀರು ತಾನಾಗಿಯೇ ಇಳಿದುಹೋಗುತ್ತದೆ, ಅಡಿಪಾಯಕ್ಕೆ ಗಟ್ಟಿ ನೆಲ ಸಿಗುತ್ತದೆ. ಸಂಗಮದಲ್ಲಿ ಇರುವುದು ಮೆಕ್ಕಲು, ಅಲ್ಲಿ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಇಳಿಸದೆ ದೊಡ್ಡ ಕಟ್ಟಡ ನಿಲ್ಲದು.

ವಿಸ್ತಾರದ ಲೆಕ್ಕವನ್ನೂ ಪರಿಚಯದಲ್ಲಿ ಬರೆಯಿರಿ. ಹೆಕ್ಟೇರಿಗೆ 120 ಜನರಂತೆ ಹಿಡಿದರೆ 6 ಲಕ್ಷ ಜನಕ್ಕೆ 5,000 ಹೆಕ್ಟೇರ್, ಅಂದರೆ 12,350 ಎಕರೆ. ಇಷ್ಟು ನೆಲ ಖಾಲಿ ಬಿದ್ದಿರುವುದಿಲ್ಲ. ಒಳಗೆ ಹತ್ತಾರು ಗ್ರಾಮಠಾಣಾ ಇರುತ್ತವೆ, ಗೋಮಾಳ ಇರುತ್ತದೆ, ಹಳ್ಳ, ಬಂಡಿದಾರಿ, ಸ್ಮಶಾನ ಇರುತ್ತವೆ. ನಮ್ಮ ಕಂದಾಯ ದಾಖಲೆಯಲ್ಲಿ ಹಳ್ಳ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ ಬಿ-ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಹೊಸ ಬಡಾವಣೆಗಳು ಮುಳುಗಲು ಮುಖ್ಯ ಕಾರಣವೇ ಇದು: ಗ್ರಾಮನಕ್ಷೆಯಲ್ಲಿ ಎರಡು ಗೆರೆಯಾಗಿ ಕಾಣುವ ಹಳ್ಳ, ನಿವೇಶನದ ನಕ್ಷೆಗೆ ಬರುವಾಗ ಮೂರಡಿ ಚರಂಡಿಯಾಗಿರುತ್ತದೆ. ಹೊಳೆಬೀಡಿನ ನಕ್ಷೆ ಬಿಡಿಸುವವರು ಮೊದಲು ಹಳ್ಳಗಳನ್ನೂ ಕೆರೆಗಳನ್ನೂ ನೀಲಿಯಲ್ಲಿ ಬರೆದು, ಉಳಿದ ಜಾಗದಲ್ಲಿ ರಸ್ತೆ ಎಳೆಯಲಿ. ತಿರುಗುಮುರುಗು ಮಾಡಬೇಡಿ.

ಗಾಂಧಿನಗರದ ಹಾಗೆ ಚೌಕ ಚೌಕ ಸೆಕ್ಟರ್ ಬೇಕೆಂದು ಯಾರೋ ಹಿಂದೆ ಕೇಳಿದ್ದರು. ಅಲ್ಲಿ ಒಂದೊಂದು ಸೆಕ್ಟರ್ 1 ಕಿ.ಮೀ. ಉದ್ದ, ಮುಕ್ಕಾಲು ಕಿ.ಮೀ. ಅಗಲ. ಸಾಬರಮತಿ ದಂಡೆಯ ಆ ಸಮತಟ್ಟಿಗೆ ಅದು ಒಪ್ಪುತ್ತದೆ. ನಮ್ಮ ಅರೆಮಲೆನಾಡಿನ ಉಬ್ಬುತಗ್ಗಿಗೆ ಚೌಕ ಹೊಂದುವುದಿಲ್ಲ. ದಿಣ್ಣೆಯ ಬೆನ್ನಿನ ಮೇಲೆ ಮುಖ್ಯರಸ್ತೆ, ಕಣಿವೆಯಲ್ಲಿ ಕೆರೆ, ನಡುವಿನ ಇಳಿಜಾರಿನಲ್ಲಿ ಮನೆ. ನಮ್ಮ ಹಳೆಯ ಊರುಗಳು ಹೀಗೇ ಕೂತಿರುವುದು.

ಪಂಪ್‌ಹೌಸ್:
ಕುಡಿಯುವ ನೀರು ನನಗೆ ಬಿಡಿ.

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ. 6 ಲಕ್ಷಕ್ಕೆ 81 ಎಂಎಲ್‌ಡಿ, ಅಂದರೆ ದಿನಕ್ಕೆ 8.1 ಕೋಟಿ ಲೀಟರ್. ಸೋರಿಕೆಯನ್ನು 15 ಶೇಕಡಾದಲ್ಲಿ ಹಿಡಿದಿಟ್ಟರೂ ಹೊಳೆಯಿಂದ 95 ಎಂಎಲ್‌ಡಿ ಎತ್ತಬೇಕು. ಸೆಕೆಂಡಿಗೆ 1.1 ಘನಮೀಟರ್. ವರ್ಷಕ್ಕೆ ಸುಮಾರು 1.2 ಟಿಎಂಸಿ.

ಸಂಗಮದ ಕೆಳಗೆ ನೀರೆತ್ತುವುದು ದೊಡ್ಡ ತಪ್ಪು. ದೊಡ್ಡಹಳ್ಳ ಊರ ನಡುವೆ ಹಾದು ಬರುವುದರಿಂದ ಊರಿನ ಕೊಳೆಯನ್ನೇ ಊರಿಗೆ ಕುಡಿಸಿದಂತಾಗುತ್ತದೆ. ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಊರಿಗಿಂತ ಮೇಲೆ, ಹೊಳೆ ತಿರುಗುವ ಕಡೆ ತಿರುವಿನ ಹೊರದಂಡೆಯಲ್ಲಿ ಬರಬೇಕು. ಹೊರದಂಡೆಯನ್ನು ನೀರು ಕೊರೆಯುವುದರಿಂದ ಅಲ್ಲಿ ಬೇಸಿಗೆಯಲ್ಲೂ ಆಳ ಉಳಿಯುತ್ತದೆ. ಒಳದಂಡೆಯಲ್ಲಿ ಮರಳು ಕೂರುತ್ತಾ ಹೋಗಿ ಮೂರ್ನಾಲ್ಕು ವರ್ಷಕ್ಕೆ ಜಾಕ್‌ವೆಲ್ಲಿನ ಬಾಯಿ ಮುಚ್ಚುತ್ತದೆ. ಬಾವಿಗೆ ಮೂರು ಮಟ್ಟದಲ್ಲಿ ಕಿಂಡಿ ಇರಲಿ. ಬೇಸಿಗೆಗೆ ಕೆಳಗಿನದು. ಮಳೆಗಾಲದಲ್ಲಿ ತಳದ ಮರಳು ಒಳಗೆ ಬರುವುದರಿಂದ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆಯಬೇಕು. ಮೋಟಾರು ಕೂರುವ ನೆಲಹಾಸು 927.4ಕ್ಕಿಂತ ಕಡೇಪಕ್ಷ ಒಂದೂವರೆ ಮೀಟರ್ ಮೇಲೆ. ನೆರೆ ಬಂದ ದಿನ ಊರ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಹನಿಯಿಲ್ಲ ಎನ್ನುವ ಸ್ಥಿತಿಗೆ ಮುಳುಗಿದ ಮೋಟಾರೇ ಕಾರಣ.

ಶುದ್ಧೀಕರಣ ಘಟಕ ಗುಡ್ಡದ ಮೇಲೆ 970 ಮೀ. ಮಟ್ಟದಲ್ಲಿರಲಿ. ಅಲ್ಲಿಂದ ಇಡೀ ಊರಿಗೆ ನೀರು ತಾನೇ ಇಳಿಯುತ್ತದೆ. 51 ಮೀ. ಎತ್ತರ, ಕೊಳವೆಯ ಘರ್ಷಣೆಗೆ 9 ಮೀ., ಒಟ್ಟು 60. ಮೀಟರ್ ವ್ಯಾಸದ ಕೊಳವೆ ಸಾಕು. 925 ಕಿಲೋವಾಟ್ ಹತ್ತಿರ ಶಕ್ತಿ ಬೇಕು, ದಿನಕ್ಕೆ 22,000 ಯೂನಿಟ್. ಕತೆಯಲ್ಲಿ ಕರೆಂಟ್ ಹೋಯಿತು ಎಂದು ಬರೆಯುವವರು ನೀರೂ ಹೋಯಿತು ಎಂದು ಬರೆಯಬೇಕು.

ಬೇಸಿಗೆಯಲ್ಲಿ ಹೊಳೆಯ ಹರಿವು ಎಷ್ಟಿಟ್ಟುಕೊಂಡಿದ್ದೀರಿ?

ಹೊಳೆಸಾಲು:
ಮಾರ್ಚ್‌ನಿಂದ ಮೇ ತನಕ ಸೆಕೆಂಡಿಗೆ 0.8 ಘನಮೀಟರ್ ಎಂದುಕೊಂಡಿದ್ದೆ.

ಪಂಪ್‌ಹೌಸ್:
ಬೇಕಾದದ್ದು 1.1, ಇರುವುದೇ 0.8. ಅದರಲ್ಲೂ ಪೂರ್ತಿ ಎತ್ತಿಬಿಟ್ಟರೆ ಕೆಳಗೆ ಹೊಳೆ ಸತ್ತುಹೋಗುತ್ತದೆ. ಅರ್ಧ ಬಿಟ್ಟು 0.4 ಎತ್ತಿದರೆ 0.7 ಕೊರತೆ. 90 ದಿನಕ್ಕೆ 54 ಲಕ್ಷ ಘನಮೀಟರ್, ಸುಮಾರು 0.2 ಟಿಎಂಸಿ. ಸರಾಸರಿ 5 ಮೀ. ಆಳದ ಕೆರೆಯಾದರೆ 270 ಎಕರೆ ನೀರಿನ ಹರವು, ಆವಿಯಾಗುವುದು ಬೇರೆ. ನೀವು ಮುಚ್ಚಿಸಿದ 11 ಕೆರೆ ಇದ್ದಿದ್ದರೆ ಈ ಕೊರತೆಯ ಒಂದು ಪಾಲಾದರೂ ಅಲ್ಲೇ ನೀಗುತ್ತಿತ್ತು.

ಕಾಫಿಕಣ:
ಪಂಪ್‌ಹೌಸ್ ಸರ್, ಜಾಕ್‌ವೆಲ್ ಮೇಲಕ್ಕೆ ಹೋದ ಮಾತ್ರಕ್ಕೆ ನೀರು ಶುದ್ಧ ಎಂದು ಬರೆಯಬೇಡಿ. ಊರಿನ ಪಶ್ಚಿಮಕ್ಕೆ ಕಾಫಿ ತೋಟ ಇದೆ ಎಂದು ನಕ್ಷೆಯಲ್ಲಿದೆ. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದ ನೀರು ಹುಳಿ ಬಂದು ಕಪ್ಪಗಾಗುತ್ತದೆ. ಹೊಂಡ ಮಾಡಿ, ಸುಣ್ಣ ಹಾಕಿ ಹುಳಿ ಮುರಿದು, ಕೊಳೆಯಲು ಬಿಟ್ಟು, ಆಮೇಲೆ ಗಾಳಿಯಾಡಿಸಿ ತೋಟಕ್ಕೇ ಹಾಯಿಸಬೇಕು. ನೇರ ಹಳ್ಳಕ್ಕೆ ಬಿಟ್ಟರೆ ನೀರಿನೊಳಗಿನ ಆಮ್ಲಜನಕವನ್ನೆಲ್ಲ ಅದೇ ತಿಂದುಬಿಡುತ್ತದೆ, ಮೀನು ಬೆಳ್ಳಗೆ ತೇಲುತ್ತವೆ. ಮನೆಬಚ್ಚಲಿನ ನೀರಿಗಿಂತ ಇದರ ಹೊರೆ ಹತ್ತಾರು ಪಟ್ಟು. ಕಷ್ಟ ಏನೆಂದರೆ, ಮಳೆ ನಿಂತು ಹಳ್ಳ ಸಣ್ಣಗಾಗುವುದಕ್ಕೂ ಪಲ್ಪಿಂಗ್ ಶುರುವಾಗುವುದಕ್ಕೂ ಒಂದೇ ಕಾಲ. ರೋಬಸ್ಟಾವನ್ನು ಬಹುಪಾಲು ಹಣ್ಣಿನ ಸಮೇತ ಕಣದಲ್ಲೇ ಒಣಗಿಸುತ್ತಾರೆ, ಅದರಿಂದ ಈ ತೊಂದರೆ ಕಡಿಮೆ. ಹೊಳೆಬೀಡಿನ ಜಲಮಂಡಳಿಗೆ ಮಳೆಗಾಲದ ಕೆಂಪುನೀರಿನಷ್ಟೇ ಡಿಸೆಂಬರ್‌ನ ಕಪ್ಪುನೀರೂ ತಲೆನೋವು. ಇದನ್ನು ಪರಿಚಯದಲ್ಲಿ ಸೇರಿಸಿದರೆ ಊರು ನಮ್ಮ ಸೀಮೆಯದು ಅನ್ನಿಸುತ್ತದೆ.

ಪಂಪ್‌ಹೌಸ್:
ಖಂಡಿತ ಸೇರಬೇಕು. ಕೆಂಪುನೀರಿನದ್ದೂ ಒಂದು ಸೂಕ್ಷ್ಮ ಇದೆ. ಕೆಸರು ಇಳಿಸಲು ಆಲಂ (ಪಟಿಕ) ಹಾಕುತ್ತಾರೆ. ಲೀಟರಿಗೆ 40 ಮಿಲಿಗ್ರಾಂ ಎಂದರೂ ಈ ಊರಿಗೆ ದಿನಕ್ಕೆ 3,800 ಕೆ.ಜಿ. ಪ್ರತಿ ಮಿಲಿಗ್ರಾಂ ಆಲಂ ನೀರಿನ ಕ್ಷಾರತೆಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ತಿನ್ನುತ್ತದೆ. ಮಲೆನಾಡಿನ ಮಳೆನೀರಿಗೆ ಕ್ಷಾರತೆಯೇ ಕಡಿಮೆ. ಹೀಗಾಗಿ ನೀರು ಹುಳಿಯಾಗಿ ಗಸಿ ಕಟ್ಟುವುದೇ ನಿಲ್ಲುತ್ತದೆ. ಗೊತ್ತಿಲ್ಲದವರು ಇನ್ನಷ್ಟು ಆಲಂ ಸುರಿಯುತ್ತಾರೆ, ಇನ್ನಷ್ಟು ಕೆಡುತ್ತದೆ. ಮೊದಲು ಸುಣ್ಣದ ತಿಳಿ, ಆಮೇಲೆ ಆಲಂ.

ಬೇಲೂರ್‌ಕಡೆ:
ಕೆರೆ ಮುಚ್ಚಿಸಿದ್ದನ್ನು ಓದಿ ಸಂಕಟವಾಯಿತು. ರಾಜಧಾನಿ ಎಂದರೆ ಹೊಳೆದಂಡೆಯೇ ಆಗಬೇಕೆಂದೇನೂ ಇಲ್ಲ. ಹೊಯ್ಸಳರು ಮೊದಲು ಸೊಸೆವೂರಿನಲ್ಲಿದ್ದರು, ಅದೇ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ದಟ್ಟ ಮಲೆನಾಡು. ಆಮೇಲೆ ಯಗಚಿ ದಂಡೆಯ ಬೇಲೂರು. ಅಲ್ಲಿಂದ ಇನ್ನೂ ಪೂರ್ವಕ್ಕೆ ಸರಿದು, ಹೊಳೆಯೇ ಇಲ್ಲದ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ ನೆಲೆನಿಂತರು. ಹೊಳೆಗೆ ಬದಲು ಕೆರೆಯನ್ನು ನೆಚ್ಚಿದ ರಾಜಧಾನಿ ಅದು, ಹೆಸರಿನಲ್ಲೇ ಸಮುದ್ರ ಇದೆ. ಆ ಕೆರೆಗೆ ರಣಘಟ್ಟದ ಕಡೆಯಿಂದ ಯಗಚಿಯ ನೀರು ತರುವ ಕಾಲುವೆಯ ಮಾತು ಇವತ್ತಿಗೂ ಹಳೇಬೀಡು ಸೀಮೆಯ ರೈತರ ಬಾಯಲ್ಲಿದೆ.

ಬೀಡು ಎಂದರೆ ಅರಸನ ಬಿಡಾರ, ಹಳೇಬೀಡು ಎಂದರೆ ಹಳೆಯ ರಾಜಧಾನಿ. ಆ ಲೆಕ್ಕದಲ್ಲಿ ಹೊಳೆಬೀಡು ಒಪ್ಪುವ ಹೆಸರು. ಆದರೆ ಬೀಡಿಗೆ ಕೆರೆಯೂ ಬೇಕು.

ತೂಬು_ಏರಿ:
ಬೇಲೂರ್‌ಕಡೆಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. 11 ಕೆರೆ ಎಂದರೆ 11 ಬಿಡಿ ಗುಂಡಿಗಳಲ್ಲ, ಒಂದು ಸರಪಳಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ, ಕೊನೆಯದು ದೊಡ್ಡಹಳ್ಳಕ್ಕೆ. ನಡುವಿನ ಒಂದನ್ನು ಮುಚ್ಚಿದರೆ ಮೇಲಿನ ಕೋಡಿಯ ನೀರು ಬೀದಿಗೆ ಬರುತ್ತದೆ, ಕೆಳಗಿನದು ಒಣಗುತ್ತದೆ. ಒಂದೇ ಕೆಲಸಕ್ಕೆ ಎರಡು ಹಾನಿ.

ಊರು ಬೆಳೆದ ಮೇಲೆ ಕೆರೆ ಒಡೆಯುವುದು ಹೇಗೆ ಎಂದು ಕತೆಗಾರರು ಕೇಳಿದರೆ, ಮೂರು ದಾರಿ ಹೇಳಿ. ಕೋಡಿಗೆ ಮರಳುಮೂಟೆ ಇಟ್ಟು ನೀರು ಹೆಚ್ಚು ನಿಲ್ಲಿಸುವುದು ಒಂದು. ಆಗ ದೊಡ್ಡ ಮಳೆಗೆ ನೀರು ಕೋಡಿಯ ಬದಲು ಏರಿಯ ತಲೆಯ ಮೇಲೇ ಹಾಯುತ್ತದೆ, ಮಣ್ಣಿನ ಏರಿ ಅದನ್ನು ಒಂದು ಗಂಟೆಯೂ ತಡೆಯದು. ಎರಡನೆಯದು ಏರಿ ಮೇಲಿನ ಗಿಡಮರ, ಹುತ್ತ, ಏಡಿಬಿಲ. ಬೇರು ಸತ್ತ ಜಾಗದಲ್ಲಿ ಕೊಳವೆಯಂಥ ದಾರಿ ಉಳಿದು ನೀರು ಹಿಂಬದಿಗೆ ಜಿನುಗುತ್ತದೆ. ತಿಳಿನೀರು ಜಿನುಗಿದರೆ ಇನ್ನೂ ಸಮಯವಿದೆ, ಕೆಸರುನೀರು ಬಂದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಕೆಳಗಿನ ಮನೆಗಳನ್ನು ಕೂಡಲೇ ಖಾಲಿ ಮಾಡಿಸಬೇಕು. ಮೂರನೆಯದು ತೂಬಿನ ಪಕ್ಕ. ಕಲ್ಲಿಗೂ ಮಣ್ಣಿಗೂ ಬೆಸುಗೆ ಇರುವುದಿಲ್ಲ, ಅಲ್ಲಿ ಜೇಡಿಮಣ್ಣನ್ನು ಪದರ ಪದರವಾಗಿ ದಮ್ಮಸು ಹೊಡೆಯದೆ ಹೋದರೆ ನೀರು ತೂಬಿನ ಗುಂಟವೇ ದಾರಿ ಮಾಡಿಕೊಳ್ಳುತ್ತದೆ.

ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರಲಿ. ರಾಜಧಾನಿಯಲ್ಲಿ ನೀರುಗಂಟಿ ಯಾಕೆ ಎನ್ನಬೇಡಿ. ತೂಬು ಎತ್ತುವುದು, ಕೋಡಿ ಕಸ ತೆಗೆಯುವುದು ರಾತ್ರಿ ಮಳೆಯಲ್ಲೇ ಆಗಬೇಕಾದ ಕೆಲಸ.

ಅರಸೀಕೆರೆ_ಜಂಕ್ಷನ್:
ಸೇತುವೆ 150 ಮೀ. ಸಾಲದು. ಮೆಕ್ಕಲು ನದಿಗೆ ಎಷ್ಟು ಅಗಲ ಬೇಕೆಂದು ಹೇಳುವ ಲೇಸಿ ಸೂತ್ರ ಹಾಕಿದರೆ ಹರಿವಿನ ವರ್ಗಮೂಲದ 4.8 ಪಟ್ಟು, ಅಂದರೆ 2,500ಕ್ಕೆ 240 ಮೀ. ತಳ ಪೂರ್ತಿ ಬಂಡೆಯಾಗಿದ್ದು ದಂಡೆ ಎತ್ತರವಿದ್ದರೆ ಮಾತ್ರ ಕಡಿಮೆ ಮಾಡಬಹುದು. ಕಿರಿದು ಮಾಡಿದರೆ ಸೇತುವೆಯ ಮೇಲ್ಬದಿಯಲ್ಲಿ ನೀರು ಉಬ್ಬುತ್ತದೆ. ಉಬ್ಬು 0.3 ಮೀ. ಎಂದರೂ 927.7, ಅದರ ಮೇಲೆ ಈ ಹರಿವಿಗೆ 1.2 ಮೀ. ತೆರವು ಬಿಡಬೇಕು. ಗರ್ಡರ್‌ನ ತಳ 928.9, ರಸ್ತೆ ಮಟ್ಟ 931ಕ್ಕೆ ಬರುತ್ತದೆ. ಇಲ್ಲಿ ಹೆಚ್ಚಿನವರು ಮರೆಯುವುದು ಸೇತುವೆಯನ್ನಲ್ಲ, ಸೇತುವೆಗೆ ಹತ್ತುವ ದಿಬ್ಬವನ್ನು. 925ರ ಬಯಲಿನಲ್ಲಿ 6 ಮೀ. ಎತ್ತರದ ಮಣ್ಣಿನ ದಿಬ್ಬ ಹಾಕಿದರೆ ಅದೇ ಅಣೆಕಟ್ಟಾಗುತ್ತದೆ. ಎಡದಂಡೆಯ ಭಾಗವನ್ನು ಕಂಬಗಳ ಮೇಲೆ ನಿಲ್ಲಿಸಿ. ಬಲದಂಡೆಗೆ ತುರ್ತು ದಾರಿಯಾಗಿ ಇನ್ನೊಂದು ಸೇತುವೆ ಬೇಕು. ಕಳಸ ಹೊರನಾಡು ನಡುವೆ ಹೆಬ್ಬಾಳೆಯಲ್ಲಿ ಭದ್ರೆ ಏರಿದಾಗಲೆಲ್ಲ ಸೇತುವೆ ಮುಳುಗಿ ದಾರಿ ಕಟ್ಟಾಗುತ್ತಿದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತು. ರಾಜಧಾನಿ ಹಾಗೆ ಎರಡು ಹೋಳಾಗಬಾರದು.

ಮರಳು ತೆಗೆಯುವುದನ್ನೂ ಬರೆಯಿರಿ. ತಳ ಎರಡು ಮೀಟರ್ ಇಳಿದರೆ ಕಂಬದ ಅಡಿಪಾಯ ಬರಿದಾಗುತ್ತದೆ, ಜಾಕ್‌ವೆಲ್ಲಿನ ಕಿಂಡಿ ಗಾಳಿಯಲ್ಲಿ ನಿಲ್ಲುತ್ತದೆ.

ರೈಲು ನಿಲ್ದಾಣ ದಿಣ್ಣೆಯ ಮೇಲೆ ಬೇಡ. ನಿಲ್ದಾಣದ ಅಂಗಳದ ಇಳಿಜಾರು 400ಕ್ಕೆ 1ಕ್ಕಿಂತ ಹೆಚ್ಚಿರಬಾರದು, 24 ಬೋಗಿಯ ಗಾಡಿಗೆ ಪ್ಲಾಟ್‌ಫಾರ್ಮೇ ಅರ್ಧ ಕಿ.ಮೀ. ದಾಟುತ್ತದೆ. ಪೂರ್ವದ ಬಯಲಿನಲ್ಲಿ 932ರ ಸಮತಟ್ಟು ಇದೆಯಲ್ಲ, ಅಲ್ಲಿಡಿ. ಪಶ್ಚಿಮಕ್ಕೆ ಘಟ್ಟ ಇಳಿಯುವ ಹಳಿ ಇದ್ದರೆ ಸಕಲೇಶಪುರ ಸುಬ್ರಹ್ಮಣ್ಯ ದಾರಿಯ ಹಾಗೆ 50ಕ್ಕೆ 1 ಇಳಿಜಾರು. ಗಾಡಿಗೆ ಹೆಚ್ಚುವರಿ ಇಂಜಿನ್ ಜೋಡಿಸಬೇಕು, ಮಳೆಗಾಲದಲ್ಲಿ ಮಣ್ಣು ಕುಸಿದು ದಿನಗಟ್ಟಲೆ ನಿಲ್ಲುವುದೂ ಇರುತ್ತದೆ.

ಸಂತೆಪೇಟೆ:
ಎಲ್ಲರೂ ಊರನ್ನು ಹೊಳೆಯಿಂದ ದೂರ ದೂರ ತಳ್ಳುತ್ತಿದ್ದೀರಿ. ನೆರೆಯ ಭಯ ಸರಿ. ಆದರೆ ಹೊಳೆಗೂ ಜನಕ್ಕೂ ನಂಟು ತಪ್ಪಿದರೆ ಹೊಳೆ ಕೊಳೆಗುಂಡಿಯಾಗಲು ಬಹಳ ದಿನ ಬೇಡ, ಯಾಕೆಂದರೆ ಆಗ ಅದನ್ನು ದಿನಾ ನೋಡುವವರೇ ಇರುವುದಿಲ್ಲ. ಸಂಗಮದಲ್ಲಿ ಸೋಪಾನ ಇರಲಿ. ಬಟ್ಟೆ ಒಗೆಯಲು ಬೇರೆ ಕಲ್ಲು, ಸ್ನಾನಕ್ಕೆ ಬೇರೆ ಕಟ್ಟೆ, ದನ ಇಳಿಯಲು ಇಳಿಜಾರು. ಪಿತೃಕಾರ್ಯಕ್ಕೆ ಬಂದವರಿಗೆ ಮಂಟಪ. ಶ್ರಾವಣಕ್ಕೆ ಮುಳುಗಿ ಕಾರ್ತಿಕಕ್ಕೆ ಎದ್ದುಬರುವ ಮಂಟಪವಾದರೂ ಪರವಾಗಿಲ್ಲ, ಕಲ್ಲಿನದಾಗಿರಲಿ.

ಹೆಸರುಗಳ ಬಗ್ಗೆಯೂ ಒಂದು ಮಾತು. ನಕ್ಷೆಯಲ್ಲಿ ಎಲ್ಲ ಬಡಾವಣೆಗೂ ನಾಯಕರ ಹೆಸರು, ನಗರ, ನಗರ, ನಗರ. ಹೊಳೆದಾಟುವ ಜಾಗಕ್ಕೆ ಕಡವು, ದಿಣ್ಣೆಗೆ ದಿಬ್ಬದಹಳ್ಳಿ, ಕೆರೆಯ ಹಿಂದಿನ ಗದ್ದೆಬಯಲಿಗೆ ಕೆರೆಹಿಂದಲು, ಕೋಡಿ ಬೀಳುವಲ್ಲಿ ಕೋಡಿಹಳ್ಳಿ. ಕೋಡಿಹಳ್ಳಿ ಎಂಬ ಹೆಸರು ಕೇಳಿದವರಿಗೆ ಅಲ್ಲಿ ನೆಲಮಾಳಿಗೆ ಅಗೆಯಬಾರದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಊರವರು ಪೂರ್ತಿ ಹೊಳೆಬೀಡು ಎನ್ನುವುದೂ ಇಲ್ಲ. ಬಸ್ಸಿನಲ್ಲಿ ‘ಬೀಡಿಗೊಂದು ಟಿಕೆಟ್ ಕೊಡಿ’ ಅಂತಲೇ.

ಹಂಚಿನಮನೆ:
ಅಕ್ಕ ಹೇಳಿದ ಸೋಪಾನಕ್ಕೆ ನನ್ನ ಕಡೆಯಿಂದ ಒಂದು ಎಚ್ಚರಿಕೆ. ದಂಡೆಯ ಗೋಡೆ, ಮೆಟ್ಟಿಲು ಬೀಳುವುದು ನೆರೆ ಏರಿದಾಗಲ್ಲ, ಇಳಿದಾಗ. ನೆರೆ ನಿಂತಿದ್ದಾಗ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಮುಂದಿನಿಂದ ಹೊಳೆ ಒತ್ತಿ ಹಿಡಿದಿರುವುದರಿಂದ ಗೋಡೆ ನಿಲ್ಲುತ್ತದೆ. ಹೊಳೆ ರಾತ್ರಿ ಕಳೆಯುವುದರೊಳಗೆ ಎರಡು ಮೀಟರ್ ಇಳಿದರೆ ಮುಂದಿನ ಒತ್ತು ಹೋಯಿತು, ಹಿಂದಿನ ನೀರು ಮಾತ್ರ ಅಲ್ಲೇ ಇದೆ. ಗೋಡೆ ಮುಂದಕ್ಕೆ ಮಗುಚುತ್ತದೆ. ಇದಕ್ಕೆ ಗೋಡೆಯಲ್ಲಿ ಒಂದು, ಒಂದೂವರೆ ಮೀಟರಿಗೊಂದು ಬಸಿಗಿಂಡಿ ಬಿಡಬೇಕು, ಅದರ ಹಿಂದೆ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ, ಆಮೇಲೆ ಮರಳು. ಬರೀ ಮಣ್ಣು ತುಂಬಿದರೆ ಕಿಂಡಿ ಒಂದೇ ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ಗೋಡೆಯ ಬುಡಕ್ಕೆ ಹೊಳೆಯ ಕಡೆ ದೊಡ್ಡ ಗುಂಡುಕಲ್ಲು ಹಾಸಬೇಕು, ಇಲ್ಲವಾದರೆ ಬುಡ ಕೊರೆದು ಹೋಗುತ್ತದೆ.

ವಿಧಾನಸೌಧದ ಚಿತ್ರದಲ್ಲಿ ಸಮತಟ್ಟು ತಾರಸಿ, ಗಾಜಿನ ಪಶ್ಚಿಮ ಗೋಡೆ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇರಚಲು ಬರುವುದೇ ಪಶ್ಚಿಮ, ನೈಋತ್ಯದಿಂದ. ಆ ಕಡೆಗೆ ಮೂರು ಮೀಟರ್ ಜಗಲಿ, ಅದರ ಮೇಲೆ ಇಳಿಸಿದ ಸೂರು ಬೇಕು. ತಾರಸಿಗೆ ಹಂಚಿನ ಮಾಡು ಹೊದಿಸಿ. ಸಮತಟ್ಟು ತಾರಸಿಯಲ್ಲಿ ನೀರು ಇಳಿಯುವ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡರೆ ಸಾಕು, ಮೇಲೆ ಕೆರೆಯೇ ನಿಲ್ಲುತ್ತದೆ.

ಪಂಪ್‌ಹೌಸ್:
ಮಾಡಿನ ಮಾತು ಬಂದದ್ದರಿಂದ ಒಳಚರಂಡಿ. ನೀರಿನ 80 ಶೇಕಡಾ ಕೊಳೆಯಾಗಿ ವಾಪಸ್ಸು ಬರುತ್ತದೆ, 65 ಎಂಎಲ್‌ಡಿ. ಸುಮಾರು 30 ಮೀಟರಿಗೊಂದು ಮ್ಯಾನ್‌ಹೋಲ್. ಕೊಳವೆಯಲ್ಲಿ ವೇಗ ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆಯಾದರೆ ಹೊಲಸು ತಳದಲ್ಲೇ ಕೂರುತ್ತದೆ. ಇವೆಲ್ಲ ಎಲ್ಲ ಊರಿನ ನಿಯಮ. ನಮ್ಮ ಸೀಮೆಯಲ್ಲಿ ಕೆಡುವುದು ಬೇರೆ ಕಾರಣಕ್ಕೆ: ಮನೆಯವರು ಮಾಡಿನ ನೀರಿನ ಕೊಳವೆಯನ್ನೂ ಯುಜಿಡಿಗೇ (ಒಳಚರಂಡಿಗೇ) ಸೇರಿಸಿಬಿಡುತ್ತಾರೆ. 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಐದು ಜನರ ಮನೆಯ ದಿನದ ಕೊಳೆನೀರು 540 ಲೀಟರ್. ಒಂಬತ್ತು ದಿನದ ಕೊಳೆಯಷ್ಟು ನೀರು ಒಂದೇ ಗಂಟೆಯಲ್ಲಿ ಕೊಳವೆಗೆ! ತಗ್ಗಿನ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಹಾರಿ ಕೊಳೆ ಮೇಲೆ ಬರುವುದು ಇದರಿಂದ. ಮಾಡಿನ ನೀರು ರಸ್ತೆಬದಿಯ ಚರಂಡಿ ಹಿಡಿದು ಕೆರೆಗೆ, ಬಚ್ಚಲು ಪಾಯಿಖಾನೆ ಮಾತ್ರ ಯುಜಿಡಿಗೆ. ಇದನ್ನು ನಗರದ ಕಾನೂನಾಗಿಯೇ ಬರೆದುಬಿಡಿ.

ನಕ್ಷೆಗಾರ:
ಆಡಳಿತದ ಕಡೆ ಎರಡು ತಿದ್ದುಪಡಿ, ಚಿಕ್ಕದಾಗಿ. 120 ಸ್ಥಾನ ಸರಿ, ಸಂವಿಧಾನದ 170ನೇ ವಿಧಿಯಂತೆ 60ರಿಂದ 500ರ ನಡುವೆ ಇರಬೇಕು. ಆದರೆ ಕತೆಯೊಂದರಲ್ಲಿ 26 ಮಂತ್ರಿಗಳು ಬಂದಿದ್ದಾರೆ. 2003ರ 91ನೇ ತಿದ್ದುಪಡಿಯ ನಂತರ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಸ್ಥಾನಗಳ 15 ಶೇಕಡಾ ಮೀರುವಂತಿಲ್ಲ. 120ಕ್ಕೆ 18.

ಹೈಕೋರ್ಟ್ ರಾಜಧಾನಿಯಲ್ಲೇ ಇರಬೇಕೆಂದಿಲ್ಲ. ಕೇರಳದ್ದು ಕೊಚ್ಚಿಯಲ್ಲಿ, ಒಡಿಶಾದ್ದು ಕಟಕ್‌ನಲ್ಲಿ, ಮಧ್ಯಪ್ರದೇಶದ್ದು ಜಬಲ್ಪುರದಲ್ಲಿ, ಛತ್ತೀಸ್‌ಗಢದ್ದು ಬಿಲಾಸ್‌ಪುರದಲ್ಲಿ. ಮಲೆಸೀಮೆಯ ಪೂರ್ವದ ಬಯಲುಸೀಮೆಗೆ ಏನೂ ಸಿಕ್ಕಿಲ್ಲ ಎಂದು ಆ ಕಡೆಯವರು ಕತೆಯಲ್ಲಿ ದೂರುತ್ತಲೇ ಇದ್ದಾರಲ್ಲ, ಹೈಕೋರ್ಟ್ ಅಲ್ಲಿಗೆ ಕೊಡಿ. ಹೊಳೆಬೀಡಿನ ಮೇಲೆ ಹೊರೆಯೂ ಇಳಿಯುತ್ತದೆ.

ಬೇಲೂರ್‌ಕಡೆ:
ಕೆಂಚಿ ಮುಂದೆ ಪಕ್ಕದ ರಾಜ್ಯಕ್ಕೆ ಹೋಗುವುದಾದರೆ ನೀರಿನ ತಕರಾರು ಬಂದೇ ಬರುತ್ತದೆ. ಕಾವೇರಿ ನ್ಯಾಯಮಂಡಳಿ ಕುಡಿಯುವ ನೀರಿನಲ್ಲಿ ಎತ್ತಿದ್ದರ 20 ಶೇಕಡಾವನ್ನು ಮಾತ್ರ ಬಳಕೆ ಎಂದು ಹಿಡಿಯಿತು, ಉಳಿದದ್ದು ಹೊಳೆಗೆ ಮರಳುತ್ತದೆ ಎಂದು. ಆ ಲೆಕ್ಕದಲ್ಲಿ ಹೊಳೆಬೀಡಿನ 1.2 ಟಿಎಂಸಿಯಲ್ಲಿ ಬಳಕೆ 0.24.

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ಪರಿಚಯವನ್ನು ಪೂರ್ತಿ ಬಿಚ್ಚಿ ಮತ್ತೆ ಬರೆದಿದ್ದೇನೆ.

ಹೊಳೆಬೀಡು, ಮಲೆಸೀಮೆಯ ರಾಜಧಾನಿ. ಊರವರ ಬಾಯಲ್ಲಿ ಬೀಡು. ಕೆಂಚಿ ಆಶ್ಲೇಷದಲ್ಲಿ ಕೆಂಪಗೆ ಏರಿ ಬರುತ್ತದೆ, ಪುಷ್ಯಮಾಸದ ಹೊತ್ತಿಗೆ ಕಾಫಿ ತೊಳೆದ ನೀರಿಗೆ ಕಪ್ಪಾಗುವುದುಂಟು, ಚೈತ್ರದಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ವಿಧಾನಸೌಧ, ಸಚಿವಾಲಯ 948ರ ದಿಬ್ಬದಲ್ಲಿ, ಹಂಚಿನ ಮಾಡಿನ ಕೆಳಗೆ. ಹೈಕೋರ್ಟ್ ಪೂರ್ವದ ಬಯಲು ಜಿಲ್ಲೆಗೆ. ಸಂಗಮದ ಬಯಲಿನಲ್ಲಿ ಬುಧವಾರದ ಸಂತೆ, ಕಲ್ಲಿನ ಮಂಟಪ, ಸೋಪಾನ. 927.4ರ ಕೆಳಗೆ ಹೊಸ ಮನೆಗೆ ಪರವಾನಗಿ ಇಲ್ಲ, ನದಿಗುಂಟದ ನಾಲ್ಕು ಪಥದ ರಸ್ತೆ ರದ್ದು. 11 ಕೆರೆ, 11 ನೀರುಗಂಟಿಗಳು. ಬೇಸಿಗೆಯ ಕೊರತೆಗೆ ಮೇಲಿನ ಮೂರು ಕೆರೆಗಳ ಹೂಳೆತ್ತಿ, ಅವುಗಳ ಮೇಲೆ ಒಂದು ಹೊಸ ಕೆರೆ. ಜಾಕ್‌ವೆಲ್ ಪಶ್ಚಿಮದ ತಿರುವಿನ ಹೊರದಂಡೆಯಲ್ಲಿ. ಸೇತುವೆ ಎರಡು, ದೊಡ್ಡದು 240 ಮೀ. ಕೊಳೆನೀರು ಶುದ್ಧೀಕರಣ ಘಟಕ ಪೂರ್ವದಲ್ಲಿ, 929ರ ನೆಲದಲ್ಲಿ, ಊರಿಗಿಂತ 3 ಕಿ.ಮೀ. ಕೆಳಗೆ.

ಪಂಪ್‌ಹೌಸ್:
ಘಟಕ ನೆರೆಗಿಂತ ಮೇಲಿರುವುದು ಒಳ್ಳೆಯದು. ಕೊಳೆಯನ್ನು ತಗ್ಗಿನಿಂದ ಅಲ್ಲಿಗೆ ಎತ್ತಲು ಒಂದು ತೊಟ್ಟಿ, ಪಂಪು, ಅದಕ್ಕೊಂದು ಜನರೇಟರ್ ಸೇರಿಸಿ. ಇನ್ನೊಂದು ವಿಷಯ. ನಿಮ್ಮ ನಕ್ಷೆಯಲ್ಲಿ ಘಟಕದ ಕೆಳಗೆ 9 ಕಿ.ಮೀ. ದೂರದಲ್ಲಿ ಹೊಳೆದಂಡೆಯಲ್ಲೇ ಒಂದು ಸಣ್ಣ ಚುಕ್ಕಿ ಇದೆ, ಹೆಸರಿಲ್ಲ. ಅದು ಊರೇ?

ಹೊಳೆಸಾಲು:
ಹೌದು ಸರ್, 8,000 ಜನರ ಊರು. ಇನ್ನೂ ಹೆಸರಿಟ್ಟಿಲ್ಲ.

ಪಂಪ್‌ಹೌಸ್:
ಅವರ ಜಾಕ್‌ವೆಲ್ ಎಲ್ಲಿದೆ? ಬೇಸಿಗೆಯಲ್ಲಿ ನೀವು ಹೊಳೆಯಲ್ಲಿ ಬಿಡುವುದು 0.4 ಘನಮೀಟರ್. ಘಟಕದಿಂದ ಬರುವ 65 ಎಂಎಲ್‌ಡಿ ಎಂದರೆ 0.75. ಅವರು ಎತ್ತುವ ಪ್ರತಿ ಮೂರು ಕೊಡ ನೀರಿನಲ್ಲಿ ಎರಡು ಕೊಡ ರಾಜಧಾನಿಯ ಬಚ್ಚಲಿನದು. ಆ ಊರಿಗೆ ಗುಡ್ಡದ ಘಟಕದಿಂದಲೇ ಕೊಳವೆ ಹಾಕಿ. 8,000 ಜನಕ್ಕೆ ದಿನಕ್ಕೆ 11 ಲಕ್ಷ ಲೀಟರ್ ಸಾಕು, ನಿಮ್ಮ 95 ಎಂಎಲ್‌ಡಿಯಲ್ಲಿ ಅದು ಗೊತ್ತೂ ಆಗುವುದಿಲ್ಲ.

ಸಂತೆಪೇಟೆ:
ಆ ಊರಿಗೆ ಕೆಳಕಡವು ಎಂದು ಹೆಸರಿಡಿ.

ಹೊಳೆಸಾಲು:
ಕೆಳಕಡವು ಎಂದು ಬರೆದೆ. ಕೊಳವೆಯನ್ನು ಎಡದಂಡೆಯ ಗುಂಟ, 930ರ ಮಟ್ಟದಲ್ಲಿ ಎಳೆಯುತ್ತಿದ್ದೇನೆ. ದೊಡ್ಡಹಳ್ಳ ದಾಟುವ ಕಡೆ ಹಳ್ಳದ ತಳದಲ್ಲಿ ಹೂಳಬೇಕೋ, ಕಂಬದ ಮೇಲೆ ದಾಟಿಸಬೇಕೋ ಹೇಳಿ.